ಅವಸರ ಎಲ್ಲಿರಬೇಕು, ಎಲ್ಲಿರಬಾರದು: ಹೋಲ್ಸ್ಟರಿನಿಂದ ಪಿಸ್ತೂಲು ಹಿರಿಯುವ ಅಭ್ಯಾಸ

ನನ್ನ ಕೈಯೇ ನಿಧಾನ ಅಂತ ಮೂರು ವರ್ಷ ನಂಬಿಕೊಂಡಿದ್ದೆ. ಟೈಮರ್ ಬೀಪ್ ಅಂದಾಗಿನಿಂದ ಮೊದಲ ಗುಂಡು ಹಾರುವವರೆಗೆ, 7 ಮೀಟರ್ ದೂರದ ಗುರಿಗೆ, 1.75 ಸೆಕೆಂಡು. ಎಷ್ಟು ತಿಣುಕಿದರೂ ಅಷ್ಟೇ. ಕೊನೆಗೊಂದು ದಿನ ಫೋನನ್ನು ಟ್ರೈಪಾಡಿಗೆ ಸಿಕ್ಕಿಸಿ, ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ನಿನಲ್ಲಿ ನನ್ನನ್ನೇ ಚಿತ್ರಿಸಿಕೊಂಡೆ. ರಾತ್ರಿ ಕೂತು ಒಂದೊಂದೇ ಫ್ರೇಮ್ ಎಣಿಸಿದೆ.

ಬೀಪಿನಿಂದ ಕೈ ಅಲುಗುವವರೆಗೆ 55 ಫ್ರೇಮ್. ಕೈ ಹೊರಟು ಪಿಸ್ತೂಲಿನ ಹಿಡಿ ತಲುಪಲು 75. ಹೋಲ್ಸ್ಟರಿನಿಂದ, ಅಂದರೆ ಸೊಂಟದ ಪಿಸ್ತೂಲು ಚೀಲದಿಂದ, ಬಿಡಿಸಿಕೊಂಡು ಎರಡೂ ತೋಳು ಮುಂದಕ್ಕೆ ಚಾಚಲು 100. ಅಲ್ಲಿಂದ ಗುಂಡು ಹಾರಲು 190. ಕೊನೆಯ ಅಂಕಿಯನ್ನು ನಂಬಲಾಗದೆ ಮತ್ತೆ ಎಣಿಸಿದೆ. ಒಟ್ಟು ಹೊತ್ತಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಪಿಸ್ತೂಲು ಕಣ್ಣೆದುರೇ ಬಂದು ನಿಂತಿದೆ, ನಾನು ಮಾತ್ರ ಇನ್ನೂ ಏನನ್ನೋ ಹುಡುಕುತ್ತಿದ್ದೇನೆ. ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು: ಅಂಗೈ ಹಿಡಿಯ ಮೇಲೆ ಒಂದಿಷ್ಟು ಹೊರಳಿತು, ಎಡಗೈ ಎರಡು ಸಲ ಜಾಗ ಬದಲಿಸಿತು, ಮಣಿಕಟ್ಟು ಕೆಳಗೆ ಬಾಗಿ ಮೇಲೆದ್ದಿತು. ಹೋಲ್ಸ್ಟರಿನಲ್ಲಿ ಕೆಟ್ಟದಾಗಿ ಹಿಡಿದದ್ದನ್ನು ಗಾಳಿಯಲ್ಲಿ ರಿಪೇರಿ ಮಾಡುತ್ತಿದ್ದೆ. ಕೈಯ ವೇಗ ಹೆಚ್ಚಿಸಬೇಕೆಂದು ಒದ್ದಾಡಿದ್ದೆಲ್ಲ ತಪ್ಪು ಬಾಗಿಲು ತಟ್ಟಿದಂತಾಗಿತ್ತು.

ಅಭ್ಯಾಸದ ಕ್ರಮಕ್ಕೆ ಹೋಗುವ ಮೊದಲು ಒಂದು ಮುಜುಗರದ ಸಂಗತಿ ಹೇಳಿಬಿಡುತ್ತೇನೆ. ಕಲಿಯಲು ಶುರುಮಾಡಿದ ಎರಡನೇ ವರ್ಷ ಒಂದು ಸ್ಪರ್ಧೆಯಲ್ಲಿ, ಬೀಪ್ ಕೇಳಿದ್ದೇ ತಡ, ನಳಿಗೆ ಗುರಿಯತ್ತ ತಿರುಗುವ ಮುಂಚೆಯೇ ನನ್ನ ತೋರುಬೆರಳು ಟ್ರಿಗರ್ ಮೇಲೆ ಹೋಗಿ ಕೂತಿತ್ತು. ಗುಂಡು ನನ್ನ ಪಾದದಿಂದ ಒಂದೂವರೆ ಮೀಟರ್ ಮುಂದೆ ನೆಲಕ್ಕೆ ಬಡಿಯಿತು. ಪ್ಯಾಂಟಿನ ಮೇಲೆಲ್ಲ ಮಣ್ಣು. ರೇಂಜ್ ಆಫೀಸರ್ 'ಸ್ಟಾಪ್' ಅಂದರು, ಪಿಸ್ತೂಲು ಖಾಲಿ ಮಾಡಿಸಿದರು, ಅಲ್ಲಿಗೆ ನನ್ನ ಸ್ಪರ್ಧೆ ಮುಗಿಯಿತು. ಅವರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆಯನ್ನು ಆ ದಿನ ನಾನು ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತಾ ಅರ್ಥ ಮಾಡಿಕೊಂಡೆ.

ಹಾಗಾಗಿ ಅಮೆರಿಕದ ಪಿಸ್ತೂಲು ಶಿಕ್ಷಕ ಜೆಫ್ ಕೂಪರ್ ಹೇಳಿಕೊಟ್ಟ ನಾಲ್ಕು ನಿಯಮಗಳನ್ನು ಈಗಲೂ ರೇಂಜಿಗೆ ಕಾಲಿಡುವಾಗ ಬಾಯಲ್ಲೇ ಹೇಳಿಕೊಳ್ಳುತ್ತೇನೆ. ಪ್ರತಿ ಬಂದೂಕೂ ಗುಂಡು ತುಂಬಿಯೇ ಇದೆ. ಹಾಳಾದರೆ ಚಿಂತೆಯಿಲ್ಲ ಎನ್ನುವಂಥದ್ದರ ಮೇಲಲ್ಲದೆ ಬೇರೆ ಯಾವುದರ ಮೇಲೂ ನಳಿಗೆ ಹಾಯಬಾರದು. ಸೈಟು, ಅಂದರೆ ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಇರುವ ಮೊಳೆ, ಗುರಿಯ ಮೇಲೆ ಕೂರುವ ತನಕ ಬೆರಳು ಟ್ರಿಗರಿನಿಂದ ಹೊರಗೆ. ಗುರಿ ಏನು, ಅದರ ಹಿಂದೆ ಏನಿದೆ ಅನ್ನುವುದು ಗೊತ್ತಿರಬೇಕು. ಹೋಲ್ಸ್ಟರಿನಿಂದ ಹಿರಿಯುವಾಗ ಮುರಿಯುವುದು ಸಾಮಾನ್ಯವಾಗಿ ಮೂರನೆಯದು. ಅದನ್ನು ಮುರಿದವನೇ ಹೇಳುತ್ತಿದ್ದೇನೆ.

ಇದೇ ಕೂಪರ್ 1976ರಲ್ಲಿ ಅಮೆರಿಕದ ಮಿಸೌರಿಯ ಕೊಲಂಬಿಯಾದಲ್ಲಿ ಹುಟ್ಟಿದ ಐಪಿಎಸ್‌ಸಿ ಎಂಬ ಪ್ರಾಯೋಗಿಕ ಶೂಟಿಂಗ್ ಒಕ್ಕೂಟದ ಮೊದಲ ಅಧ್ಯಕ್ಷ. ಅದರ ಧ್ಯೇಯವಾಕ್ಯ ಲ್ಯಾಟಿನಿನ ಮೂರು ಪದ: ಡಿಲಿಜೆಂಷಿಯಾ, ವಿಸ್, ಸೆಲೆರಿಟಾಸ್. ನಿಖರತೆ, ಬಲ, ವೇಗ. ವೇಗ ಕೊನೆಯಲ್ಲಿದೆ, ಗಮನಿಸಿ.

ಮೊದಲು ನಿಮ್ಮ ರೇಂಜಿನಲ್ಲಿ ಹೋಲ್ಸ್ಟರಿನಿಂದ ಹಿರಿಯಲು ಅನುಮತಿ ಇದೆಯೇ ಕೇಳಿ. ಎಷ್ಟೋ ಕಡೆ ಇಲ್ಲ, ಅದಕ್ಕೆ ಕಾರಣವೂ ಇದೆ. ಇಲ್ಲದಿದ್ದರೆ ವಾದಕ್ಕೆ ಇಳಿಯಬೇಡಿ, ಅಂಥ ಕಡೆ ಮಾಡಬಹುದಾದ ಅಭ್ಯಾಸವನ್ನು ಮುಂದೆ ಹೇಳುತ್ತೇನೆ. ಅನುಮತಿ ಇದ್ದರೂ ಮೊದಲ ಕೆಲವು ದಿನ ಒಬ್ಬರೇ ಮಾಡಬೇಡಿ. ಪಕ್ಕದಲ್ಲಿ ನಿಂತು ನಿಮ್ಮ ಗುರಿಯನ್ನಲ್ಲ, ನಿಮ್ಮ ತೋರುಬೆರಳನ್ನೇ ನೋಡುವ ಒಬ್ಬರು ಬೇಕು.

ಸಲಕರಣೆಯ ವಿಷಯ ಎರಡೇ ಮಾತು. ಹೋಲ್ಸ್ಟರ್ ಗಟ್ಟಿಯಾಗಿರಬೇಕು, ಬಲಗೈಯವರಿಗೆ ಬಲ ಸೊಂಟದ ಮೇಲಿರಬೇಕು, ಟ್ರಿಗರಿನ ಬಳೆಯನ್ನು ಪೂರ್ತಿ ಮುಚ್ಚಬೇಕು, ಪಿಸ್ತೂಲು ತೆಗೆದ ಮೇಲೂ ಅದರ ಬಾಯಿ ತೆರೆದೇ ಇರಬೇಕು. ಮೆತ್ತನೆಯ ಚರ್ಮದ್ದು ಬಾಯಿ ಮುಚ್ಚಿಕೊಳ್ಳುತ್ತದೆ, ಆ ಮಡಿಕೆ ಟ್ರಿಗರನ್ನು ಒತ್ತಬಹುದು. ಕಂಕುಳಿನದ್ದು, ಅಡ್ಡ ಸೊಂಟದ್ದು ಇವೆಲ್ಲ ಸಾಲಿನಲ್ಲಿ ನಿಂತು ಅಭ್ಯಾಸ ಮಾಡಲು ಸಲ್ಲದು, ಹಿರಿಯುವಾಗ ನಳಿಗೆ ಪಕ್ಕದವರ ಮೇಲೆ ಹಾಯುತ್ತದೆ. ಬೆಲ್ಟು ಗಡಸಾಗಿರಲಿ, ಪಿಸ್ತೂಲಿನ ಜೊತೆ ಅದೂ ಮೇಲೆದ್ದು ಬಂದರೆ ಕೆಲಸ ಕೆಟ್ಟಿತು. ಕನ್ನಡಕ ಮತ್ತು ಕಿವಿಯ ರಕ್ಷಣೆ ಕಡ್ಡಾಯ: 9 ಎಂಎಂ ಪಿಸ್ತೂಲಿನ ಸದ್ದು ಸುಮಾರು 160 ಡೆಸಿಬೆಲ್ ಮುಟ್ಟುತ್ತದೆ, 140 ದಾಟಿದರೆ ಒಂದೇ ಸದ್ದಿಗೂ ಕಿವಿ ಕೆಡಬಹುದು. ಛಾವಣಿಯ ಕೆಳಗಿನ ರೇಂಜಾದರೆ ನಾನು ಕಿವಿಯೊಳಗೆ ಪ್ಲಗ್ ಇಟ್ಟು ಅದರ ಮೇಲೆ ಮಫ್ ಹಾಕುತ್ತೇನೆ.

ಇನ್ನು ಹಿಡಿತ. ನನ್ನ 190 ಫ್ರೇಮಿನ ಸಾಲ ತೀರಿದ್ದು ಇಲ್ಲೇ.

ಕೈ ಕೆಳಗೆ ಹೋದಾಗ ಮೊದಲು ಮುಟ್ಟಬೇಕಾದ್ದು ಬೆರಳಲ್ಲ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು. ಆ ಕವಲಿನ ಮಾಂಸ ಹಿಡಿಯ ಹಿಂಭಾಗದಲ್ಲಿ, ಸ್ಲೈಡಿನ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಕೆಳಗೆ ಚಾಚಿರುವ ತುಟಿಗೆ ತಾಗಿ ಒತ್ತಿ ನಿಲ್ಲಬೇಕು. ಎಷ್ಟೆಂದರೆ ಅಲ್ಲಿ ಚರ್ಮ ಒಂದಿಷ್ಟು ಸುಕ್ಕುಗಟ್ಟಬೇಕು. ಅಲ್ಲಿಂದ ಕೆಳಕ್ಕೆ ನಡುಬೆರಳು ಟ್ರಿಗರ್ ಬಳೆಯ ತಳಕ್ಕೆ ಗಟ್ಟಿಯಾಗಿ ತಾಗುತ್ತದೆ, ಉಂಗುರದ ಬೆರಳು ಮತ್ತು ಕಿರುಬೆರಳು ಅದರ ಕೆಳಗೆ ಸುತ್ತಿಕೊಳ್ಳುತ್ತವೆ. ತೋರುಬೆರಳು ಹೋಲ್ಸ್ಟರಿನ ಹೊರಮೈ ಮೇಲೆ ನೇರವಾಗಿ ಮಲಗಿರುತ್ತದೆ, ಪಿಸ್ತೂಲು ಹೊರಬಂದ ಮೇಲೆ ಅದೇ ನೇರದಲ್ಲಿ ಪಿಸ್ತೂಲಿನ ಫ್ರೇಮಿನ, ಅಂದರೆ ಟ್ರಿಗರಿನ ಮೇಲಿರುವ ಒಡಲಿನ, ಮೇಲೆ. ಇಷ್ಟೂ ಪಿಸ್ತೂಲು ಒಂದು ಎಳೆಯಷ್ಟೂ ಮೇಲೇಳುವ ಮುನ್ನ ಮುಗಿದಿರಬೇಕು. ಯಾವ ಹಿಡಿತದಲ್ಲಿ ಗುಂಡು ಹಾರಿಸುತ್ತೀರೋ ಅದೇ ಹಿಡಿತ ಹೋಲ್ಸ್ಟರಿನಲ್ಲೇ ಸಿಗಬೇಕು, ಆಮೇಲೆ ತಿದ್ದುಪಡಿ ಇಲ್ಲ.

ನನ್ನ ತಪ್ಪು ಇಷ್ಟೇ ಇತ್ತು: ಅವಸರಕ್ಕೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ಕೊಂಡಿಯ ಹಾಗೆ ಎಳೆಯುತ್ತಿದ್ದೆ. ಹಾಗೆ ಮಾಡಿದರೆ ಬೆರಳುಗಳು ಮೊದಲು ಸಿಕ್ಕಿಹಾಕಿಕೊಳ್ಳುತ್ತವೆ, ಕವಲು ಅರ್ಧ ಇಂಚು ಕೆಳಗೇ ಉಳಿಯುತ್ತದೆ. ಒಂದು ವಾರ ಪೂರ್ತಿ ಖಾಲಿ ಪಿಸ್ತೂಲಿನಲ್ಲಿ ಬೇರೆ ಏನೂ ಮಾಡಲಿಲ್ಲ. ಕೈ ಕೆಳಗೆ, ಹಿಡಿತ, ಅಲ್ಲೇ ನಿಲ್ಲಿಸು, ನೋಡು, ಬಿಡು. ಪಿಸ್ತೂಲನ್ನು ಹೊರಗೆ ತೆಗೆಯಲೇ ಇಲ್ಲ. ದಿನಕ್ಕೆ ನೂರು ಸಲ. ಮನೆಯವರಿಗೆ ನನಗೇನೋ ಸೊಂಟ ನೋವು ಅನ್ನುವ ಅನುಮಾನ ಬಂದಿತ್ತು.

ಕೈ ಹಿಡಿಯತ್ತ ಹೋಗುವ ಆ ದಾರಿ ಇದೆಯಲ್ಲ, ಅಲ್ಲಿ ಎಷ್ಟು ಬೇಕಾದರೂ ಅವಸರ ಮಾಡಿ. ಅಲ್ಲಿ ಕಳೆದುಕೊಳ್ಳಲು ಏನೂ ಇಲ್ಲ, ಖಾಲಿ ಕೈ. ಕವಲು ತಾಗಿದ ಮೇಲೆ ಓಟ ಬೇಡ.

ಉಳಿದ ಹೆಜ್ಜೆಗಳು ಅಷ್ಟು ಕಷ್ಟವಲ್ಲ. ಬಲಗೈ ಹಿಡಿ ಸೇರುವ ಹೊತ್ತಿಗೆ ಎಡಗೈ ಎದೆಗೆ ಬಂದು ಅಂಗೈ ಊರಿ ಕಾಯುತ್ತಿರಬೇಕು. ಗಾಳಿಯಲ್ಲಿ ಅಲೆದಾಡುವ ಎಡಗೈ ಒಂದಲ್ಲ ಒಂದು ದಿನ ನಳಿಗೆಯ ಮುಂದೆ ಬರುತ್ತದೆ. ಪಿಸ್ತೂಲು ನೇರ ಮೇಲಕ್ಕೆ, ನಳಿಗೆಯ ತುದಿ ಹೋಲ್ಸ್ಟರಿನಿಂದ ಬಿಡಿಸಿಕೊಂಡ ಕೂಡಲೇ ಗುರಿಯ ಕಡೆ ಮಟ್ಟವಾಗಿ ತಿರುಗುತ್ತದೆ. ಸೇಫ್ಟಿ ಲಿವರ್ ಇರುವ ಪಿಸ್ತೂಲಾದರೆ ಈ ತಿರುವು ಮುಗಿದ ಮೇಲೆ ಹೆಬ್ಬೆರಳು ಅದನ್ನು ಒತ್ತಬೇಕು, ಮುಂಚೆ ಅಲ್ಲ. ಎದೆಯ ಮುಂದೆ ಎರಡೂ ಕೈ ಕೂಡುತ್ತವೆ: ಬಲಗೈ ಬೆರಳುಗಳ ಮೇಲೆ ಎಡಗೈ ಬೆರಳು, ಹಿಡಿಯಲ್ಲಿ ಉಳಿದ ಖಾಲಿ ಜಾಗಕ್ಕೆ ಎಡ ಅಂಗೈಯ ಬುಡ. ಅಲ್ಲಿಂದ ತೋಳುಗಳು ಮುಂದಕ್ಕೆ.

ತಲೆಯನ್ನು ಪಿಸ್ತೂಲಿನ ಹತ್ತಿರ ಬಗ್ಗಿಸಬೇಡಿ, ಪಿಸ್ತೂಲನ್ನು ಕಣ್ಣಿನ ಹತ್ತಿರ ತನ್ನಿ. ಕಣ್ಣು ಬೀಪಿಗೆ ಮುಂಚೆಯೇ ಗುರಿಯ ಒಂದು ಸಣ್ಣ ಚುಕ್ಕೆಯ ಮೇಲೆ ನೆಟ್ಟಿರಲಿ. ಇಡೀ ಹಲಗೆಯನ್ನಲ್ಲ, ಹಲಗೆಯ ಮೇಲಿನ ಒಂದು ಹಳೆ ತೂತನ್ನು ನೋಡಿ. ತೋಳು ಚಾಚುತ್ತಿರುವಾಗಲೇ ಆ ಚುಕ್ಕೆಗೂ ಕಣ್ಣಿಗೂ ನಡುವೆ ಫ್ರಂಟ್ ಸೈಟ್, ಅಂದರೆ ನಳಿಗೆಯ ತುದಿಯ ಕಡೆಯ ಸೈಟು, ಕೆಳಗಿನಿಂದ ಎದ್ದು ಬರುವುದು ಕಾಣುತ್ತದೆ. ಅದು ಕಂಡ ಮೇಲೆ ಬೆರಳು ಟ್ರಿಗರಿಗೆ ಹೋಗಲಿ, ತೋಳಿನ ಕೊನೆಯ ನಾಲ್ಕು ಬೆರಳಗಲದ ಹಾದಿಯಲ್ಲಿ ಟ್ರಿಗರಿನ ಸಡಿಲ ಮುಗಿಯಲಿ, ತೋಳು ನಿಂತಾಗ ಉಳಿದದ್ದನ್ನು ಒತ್ತಿ. ಇಲ್ಲಿ ನಿಧಾನ ಅಂದರೆ ಕಾಯುವುದಲ್ಲ, ಸೈಟು ಅಲುಗದಂತೆ ಒತ್ತುವುದು.

ನನ್ನ ಹಾಗೆ ಬೈಫೋಕಲ್ ಕನ್ನಡಕದವರಿಗೆ ಒಂದು ಕಿವಿಮಾತು. ಹತ್ತಿರದ್ದನ್ನು ನೋಡಲು ಗಾಜಿನ ಕೆಳಭಾಗ ಬೇಕು, ಅದಕ್ಕಾಗಿ ಗಲ್ಲ ತಾನಾಗಿ ಮೇಲಕ್ಕೇಳುತ್ತದೆ, ಪಿಸ್ತೂಲು ಒಂದು ಕಡೆ, ಕಣ್ಣು ಒಂದು ಕಡೆ. ಕಣ್ಣಿನ ವೈದ್ಯರಿಗೆ ಕಣ್ಣಿನಿಂದ ಫ್ರಂಟ್ ಸೈಟಿಗಿರುವ ದೂರವನ್ನು ಟೇಪಿನಲ್ಲಿ ಅಳೆದು ಹೇಳಿ, ಬಲಗಣ್ಣಿಗೆ ಅದೇ ದೂರಕ್ಕೆ ಒಂಟಿ ಪವರಿನ ಗಾಜು ಹಾಕಿಸಿಕೊಂಡೆ. ಅದರಿಂದ ನಾನು ಗಳಿಸಿದ ಕಾಲು ಸೆಕೆಂಡು ಯಾವ ಅಭ್ಯಾಸದಿಂದಲೂ ಬರುತ್ತಿರಲಿಲ್ಲ.

ಹಿರಿಯುವುದಕ್ಕಿಂತ ಅಪಾಯದ್ದು ಮತ್ತೆ ಹೋಲ್ಸ್ಟರಿಗೆ ಇಡುವುದು. ಇದಕ್ಕೆ ಯಾರೂ ಟೈಮರ್ ಹಿಡಿಯುವುದಿಲ್ಲ, ಆದರೂ ಜನ ಸಿನಿಮಾದಲ್ಲಿ ನೋಡಿದಂತೆ ಚಕ್ಕನೆ ತುರುಕುತ್ತಾರೆ. ನಾನು ಮಾಡುವುದು ಹೀಗೆ: ಗುರಿಯತ್ತ ಒಂದು ಕ್ಷಣ ಹಾಗೇ ನಿಲ್ಲುತ್ತೇನೆ, ಬೆರಳು ಫ್ರೇಮಿನ ಮೇಲೆ ಬಂತೇ ಎಂದು ನೋಡುತ್ತೇನೆ, ಸೇಫ್ಟಿ ಇದ್ದರೆ ಹಾಕುತ್ತೇನೆ, ಹೆಬ್ಬೆರಳನ್ನು ಸ್ಲೈಡಿನ ಹಿಂಭಾಗಕ್ಕೆ ಊರುತ್ತೇನೆ, ತಲೆ ಬಗ್ಗಿಸಿ ಹೋಲ್ಸ್ಟರಿನ ಬಾಯಿಯನ್ನು ಕಣ್ಣಾರೆ ನೋಡಿ ಒಳಗೆ ಇಳಿಸುತ್ತೇನೆ. ಒಮ್ಮೆ ಹೀಗೆ ನೋಡಿದಾಗ ನನ್ನ ಜಾಕೆಟ್ಟಿನ ದಾರದ ತುದಿಯ ಪ್ಲಾಸ್ಟಿಕ್ ಗುಂಡಿ ಹೋಲ್ಸ್ಟರಿನೊಳಗೆ ಇಣುಕುತ್ತಿತ್ತು, ಟ್ರಿಗರ್ ಬಂದು ಕೂರುವ ಜಾಗದಲ್ಲೇ. ಆ ದಾರವನ್ನು ಅಂದೇ ಕತ್ತರಿಸಿದೆ.

ಮನೆಯಲ್ಲಿ ಖಾಲಿ ಪಿಸ್ತೂಲಿನ ಅಭ್ಯಾಸ, ಅಂದರೆ ಡ್ರೈ ಫೈರ್, ನಿಮ್ಮ ಕೆಲಸದ ಮುಕ್ಕಾಲು ಪಾಲು. ರೇಂಜಿಗೆ ಹೋಗುವುದು ಮನೆಯಲ್ಲಿ ಕಲಿತದ್ದು ನಿಜವೇ ಎಂದು ಪರೀಕ್ಷೆ ಮಾಡಿಕೊಳ್ಳಲಿಕ್ಕೆ. ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಚೇಂಬರನ್ನು, ಅಂದರೆ ತೋಟಾ ಕೂರುವ ಗೂಡನ್ನು, ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಮುಟ್ಟಿ ನೋಡಿ. ತೋಟಾಗಳೆಲ್ಲ ಇನ್ನೊಂದು ಕೋಣೆಯಲ್ಲಿರಲಿ. ಗುರಿ ಅಂಟಿಸುವ ಗೋಡೆಯ ಹಿಂದೆ ಜನ ಓಡಾಡುವ ಜಾಗ ಇರಬಾರದು, ಗುಂಡು ನಿಲ್ಲಿಸುವಂಥ ಗೋಡೆಯಾಗಿರಬೇಕು. ಸ್ನ್ಯಾಪ್ ಕ್ಯಾಪ್ ಎಂಬ ಸುಳ್ಳು ತೋಟಾ ಸಿಗುತ್ತದೆ, ಬಳಸಿ. .22 ರಿಮ್‌ಫೈರ್ ಪಿಸ್ತೂಲಾದರೆ ಬರಿದೇ ಟ್ರಿಗರ್ ಒತ್ತಬೇಡಿ, ಎಷ್ಟೋ ಮಾದರಿಗಳಲ್ಲಿ ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ಕೆಡುತ್ತದೆ. ಮುಗಿಸಿದಾಗ ಬಾಯಿಬಿಟ್ಟು 'ಮುಗಿಯಿತು' ಅನ್ನಿ. ಮತ್ತೆ ತೋಟಾ ತುಂಬಿದ ಮೇಲೆ 'ಇನ್ನೊಂದೇ ಒಂದು ಸಲ' ಎಂಬ ಆಸೆ ಬರುತ್ತದೆ ನೋಡಿ, ಮನೆಯ ಗೋಡೆಗಳಿಗೆ ತೂತು ಬೀಳುವುದು ಅದರಿಂದಲೇ.

ಹದಿನೈದು ನಿಮಿಷ ಸಾಕು. ಟೈಮರಿನಲ್ಲಿ ಪಾರ್ ಟೈಮ್ ಅಂತ ಒಂದಿದೆ: ಶುರುವಿಗೆ ಒಂದು ಬೀಪ್, ನೀವು ಇಟ್ಟ ಹೊತ್ತಿಗೆ ಇನ್ನೊಂದು. ನಾನು ಮೊದಲು 2.5 ಸೆಕೆಂಡು ಇಟ್ಟೆ. ಎರಡನೇ ಬೀಪಿನೊಳಗೆ, ಸೈಟು ಅಲುಗದೆ, ಹತ್ತಕ್ಕೆ ಎಂಟು ಸಲ ಟ್ರಿಗರ್ ಬಿದ್ದರೆ 0.1 ಕಡಿಮೆ ಮಾಡುತ್ತಿದ್ದೆ. ಎಂಟಕ್ಕಿಂತ ಕಡಿಮೆಯಾದರೆ ಮತ್ತೆ 0.1 ಮೇಲಕ್ಕೆ, ನಾಚಿಕೆಯಿಲ್ಲದೆ. ನಡುನಡುವೆ ಕಣ್ಣು ಮುಚ್ಚಿ ನಿಧಾನವಾಗಿ ಹಿರಿದು, ತೋಳು ಚಾಚಿದ ಮೇಲೆ ಕಣ್ಣು ತೆರೆದು ನೋಡಿ. ಸೈಟು ಗುರಿಯ ಎಡಕ್ಕಿದ್ದರೆ ಕೈಯನ್ನು ತಿದ್ದಬೇಡಿ, ಪಾದವನ್ನು ಸರಿಸಿ.

ಈಗ ರೇಂಜು. ಐವತ್ತು ಗುಂಡು ಇದ್ದರೆ ನಾನು ಖರ್ಚು ಮಾಡುವ ಬಗೆ ಇದು. ಮೊದಲ ಹತ್ತು, 5 ಮೀಟರಿನಲ್ಲಿ, ಟೈಮರ್ ಇಲ್ಲದೆ, ಒಂದು ಹಿರಿತಕ್ಕೆ ಒಂದೇ ಗುಂಡು, ಇಸ್ಪೀಟೆಲೆಯಷ್ಟು ಕಾಗದಕ್ಕೆ. ಹತ್ತಕ್ಕೆ ಹತ್ತೂ ಒಳಗೆ ಬೀಳದಿದ್ದರೆ ಅವತ್ತು ಟೈಮರ್ ಚೀಲದಿಂದ ಹೊರಗೇ ಬರುವುದಿಲ್ಲ. ಬಿದ್ದರೆ 7 ಮೀಟರಿಗೆ ಹಿಂದೆ ಸರಿದು, ಅಗಲ ಒಂದು ಗೇಣು, ಎತ್ತರ ಒಂದೂವರೆ ಗೇಣಿನ ಕಾಗದಕ್ಕೆ ಇಪ್ಪತ್ತು ಗುಂಡು, ಈ ಸಲ ಟೈಮರ್ ಜೊತೆ, ಐದೈದರ ಕಂತಿನಲ್ಲಿ. ಪುಸ್ತಕದಲ್ಲಿ ಐದರ ಸರಾಸರಿ ಬರೆಯುತ್ತೇನೆ, ಅತಿ ವೇಗದ್ದನ್ನಲ್ಲ. ಒಂದು 1.21 ಬಂದು ಉಳಿದವು 1.70 ಆದರೆ ನಿಮ್ಮ ವೇಗ 1.21 ಅಲ್ಲವೇ ಅಲ್ಲ.

ನಂತರ ಎರಡು ಸಲ ಬಿಲ್ ಡ್ರಿಲ್, ಅಮೆರಿಕದ ಸ್ಪರ್ಧಿ ಬಿಲ್ ವಿಲ್ಸನ್ ಹೆಸರಿನದ್ದು: 7 ಗಜಕ್ಕೆ ನಿಂತು, ಹಿರಿದು, ಒಂದೇ ಗುರಿಯ ನಡುಭಾಗಕ್ಕೆ ಆರು ಗುಂಡು. ಹಿಡಿತ ಕೆಟ್ಟಿದ್ದರೆ ಮೊದಲ ಗುಂಡಿನಲ್ಲಿ ಗೊತ್ತಾಗದಿರಬಹುದು, ಮೂರನೆಯ ಹೊತ್ತಿಗೆ ಪಿಸ್ತೂಲು ಕೈಯಲ್ಲಿ ಜಾರಿ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಇದು ನನಗೆ ಇಷ್ಟ.

ಹಿರಿಯಲು ಬಿಡದ ರೇಂಜಾದರೆ, ಎರಡೂ ಕೈಯಲ್ಲಿ ಹಿಡಿದು ನಳಿಗೆಯನ್ನು ಗುರಿಯ ಕೆಳಗೆ ಸುಮಾರು 45 ಡಿಗ್ರಿಗೆ ತಗ್ಗಿಸಿ, ಬೆರಳು ಹೊರಗಿಟ್ಟು ನಿಂತು, ಬೀಪಿಗೆ ಎತ್ತಿ ಒಂದು ಗುಂಡು ಹಾರಿಸಿ. ನನ್ನ 190 ಫ್ರೇಮಿನ ಭಾಗ ಇದರಲ್ಲಿ ಪೂರ್ತಿ ಇದೆ. ಹಿಡಿತದ ಭಾಗಕ್ಕೆ ಮನೆ ಇದೆಯಲ್ಲ.

ತೂತುಗಳನ್ನು ಓದಲು ಕಲಿಯಿರಿ. ಬಲಗೈಯವರ ಗುಂಡುಗಳು ಕೆಳಗೆ ಎಡಕ್ಕೆ ಗುಂಪುಗೂಡಿದರೆ ಸಾಮಾನ್ಯವಾಗಿ ಸೈಟಿನ ತಪ್ಪಲ್ಲ, ಸದ್ದಿಗೆ ಮುಂಚೆಯೇ ಹೆದರಿ ಇಡೀ ಮುಷ್ಟಿ ಹಿಂಡುತ್ತಿದ್ದೀರಿ. ಮ್ಯಾಗಜೀನನ್ನು ಗೆಳೆಯರೊಬ್ಬರಿಗೆ ಕೊಟ್ಟು, ನಿಜ ತೋಟಾಗಳ ನಡುವೆ ಎರಡು ಮೂರು ಸ್ನ್ಯಾಪ್ ಕ್ಯಾಪ್ ಸೇರಿಸಲು ಹೇಳಿ. ಸುಳ್ಳು ತೋಟಾ ಬಂದಾಗ ಪಿಸ್ತೂಲಿನ ಮೂತಿ ಕೆಳಕ್ಕೆ ಕುಕ್ಕುವುದನ್ನು ನೀವೇ ನೋಡುತ್ತೀರಿ. ನಾನು ಮೊದಲ ಸಲ ನೋಡಿದಾಗ ಯಾರೋ ಕೈ ತಳ್ಳಿದರು ಅಂತ ಹಿಂದೆ ತಿರುಗುವುದರಲ್ಲಿದ್ದೆ.

ವೇಗ ಮತ್ತು ನಿಖರತೆಯ ಜಗಳಕ್ಕೆ ಐಪಿಎಸ್‌ಸಿಯವರ ಲೆಕ್ಕ ಚೆನ್ನಾಗಿದೆ: ಅಂಕವನ್ನು ಸಮಯದಿಂದ ಭಾಗಿಸುವುದು, ಅದೇ ಹಿಟ್ ಫ್ಯಾಕ್ಟರ್. ಮೈನರ್ ಪವರಿನಲ್ಲಿ, ಅಂದರೆ ಕಡಿಮೆ ಬಲದ ತೋಟಾಗಳ ವರ್ಗದಲ್ಲಿ, ನಡುವಿನ ಎ ವಲಯಕ್ಕೆ 5, ಸಿಗೆ 3, ಅಂಚಿನ ಡಿಗೆ 1. ಗುರಿಯೇ ತಪ್ಪಿದರೆ 10 ಕಳೆಯುತ್ತಾರೆ. ಒಂದೇ ಗುಂಡಿನ ಲೆಕ್ಕ ಹಾಕಿ ನೋಡಿ. 1.6 ಸೆಕೆಂಡಿಗೆ ಎ ಬಿದ್ದರೆ 3.13. 1.3ಕ್ಕೆ ಸಿ ಬಿದ್ದರೆ 2.31. 1.2ಕ್ಕೆ ಡಿ ಬಿದ್ದರೆ 0.83. ನನ್ನ ಪುಸ್ತಕದಲ್ಲಿ ಈಗ ಸೆಕೆಂಡಿನ ಪಕ್ಕ ಈ ಅಂಕಿಯೂ ಇರುತ್ತದೆ, ಇದು ಬಂದ ಮೇಲೆ ಬರೀ ಸೆಕೆಂಡಿನ ಹುಚ್ಚು ಇಳಿಯಿತು. ನುರಿತ ಸ್ಪರ್ಧಿಗಳು ಒಂದು ಸೆಕೆಂಡಿನೊಳಗೆ ಎ ಹೊಡೆಯುತ್ತಾರೆ. ನಾನು 1.3ರ ಆಸುಪಾಸಿಗೆ ಬಂದು ನಿಂತಿದ್ದೇನೆ. ಕಳೆದ ತಿಂಗಳು ಮತ್ತೆ ಫ್ರೇಮ್ ಎಣಿಸಿದಾಗ ಕೊನೆಯ ಭಾಗ 190ರಿಂದ 85ಕ್ಕೆ ಇಳಿದಿತ್ತು, ಕೈ ಹೊರಡುವ ಮೊದಲಿನ 55 ಹಾಗೇ ಇತ್ತು. ಕಿವಿಗೂ ಕೈಗೂ ನಡುವಿನ ಆ ಹೊತ್ತು ಯಾರಿಗೂ ಅಷ್ಟಾಗಿ ಕರಗುವುದಿಲ್ಲ, ಅದರ ಗೋಜಿಗೆ ಹೋಗಬೇಡಿ.

ಲೆಕ್ಕ ಹಾಕಿದವರಿಗೆ ಗೊತ್ತಾಗಿರುತ್ತದೆ, ನನ್ನ ಐವತ್ತರಲ್ಲಿ ಇನ್ನೂ ಎಂಟು ಉಳಿದಿವೆ. ಅವು ಟೈಮರ್ ಆಫ್ ಮಾಡಿ, ಮತ್ತೆ 5 ಮೀಟರಿಗೆ ಬಂದು, ಇಸ್ಪೀಟೆಲೆಯ ಗಾತ್ರದ ಹೊಸ ಕಾಗದಕ್ಕೆ. ಅಷ್ಟರಲ್ಲೇ ಕೈ ನಡುಗಲು ಶುರುವಾಗಿದ್ದರೆ, ಬೆರಳು ಒಮ್ಮೆಯಾದರೂ ಬೇಗ ಒಳಗೆ ಹೋಗಿದ್ದರೆ, ಆ ಎಂಟೂ ಡಬ್ಬಿಯಲ್ಲೇ ಮನೆಗೆ ಹೋಗುತ್ತವೆ. ಆಮೇಲೆ ಖಾಲಿ ಮಾಡಿ, ರೇಂಜ್ ಆಫೀಸರಿಗೆ ಚೇಂಬರ್ ತೋರಿಸಿ, ಪಿಸ್ತೂಲನ್ನು ಚೀಲಕ್ಕೆ ಹಾಕಿ. ಕೈ ಮುಖ ಸೋಪು ಹಾಕಿ ತಣ್ಣೀರಿನಲ್ಲಿ ತೊಳೆಯುವವರೆಗೆ ಏನನ್ನೂ ಬಾಯಿಗೆ ಹಾಕಬೇಡಿ, ಸೀಸದ ಪುಡಿ ಉಗುರಿನ ಸಂದಿಯಲ್ಲಿ ಕೂತಿರುತ್ತದೆ.